ಚೀಟಿ ಉದುರಿದ ಡಬ್ಬಿಗೆ ಡಬ್ಬಕ್ಕನ ಕಿವಿ

ಬೆಳಗಿನ ಆರು ಗಂಟೆ. ಉಗ್ರಾಣದ ತಗಡಿನ ಮಾಡಿನಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ. ಒಳಗೆ ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಐವತ್ತಾರು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ಶಾಲನ್ನು ತಲೆಗೆ ಸುತ್ತಿ ಬಲಗಿವಿಯೊಂದನ್ನು ಮಾತ್ರ ಹೊರಗಿಟ್ಟುಕೊಂಡಿದ್ದಾರೆ. ಎಡಗಡೆ ಡಬ್ಬಿಗಳ ಗುಡ್ಡ. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸುತ್ತಾರೆ. ಸರಸರ ಅನ್ನುವ ಸಣ್ಣ ಸದ್ದು. "ಬಟಾಣಿ," ಅನ್ನುತ್ತಾರೆ. ಪಕ್ಕದಲ್ಲಿ ಕೂತ ಅವರ ನಾದಿನಿ ಬ್ರಷ್ ಅದ್ದಿ ಡಬ್ಬಿಯ ನೆತ್ತಿಗೆ ಹಸಿರು ಬಣ್ಣ ಹಚ್ಚುತ್ತಾರೆ. ಮುಂದಿನದು ಗುಳಕ್ ಗುಳಕ್ ಅನ್ನುತ್ತದೆ. "ಪೀಚ್ ಹಣ್ಣು." ಹಳದಿ ಬಣ್ಣ. ಅದರ ಮುಂದಿನದು ದೊಬ್ ಅಂತ ಒಂದೇ ಸಲ ಸದ್ದು ಮಾಡಿ ಸುಮ್ಮನಾಗುತ್ತದೆ. "ಮಾಂಸ." ಕಂದು ಬಣ್ಣ.

ನಾನೂ ಒಂದು ಡಬ್ಬಿ ಎತ್ತಿ ಅಲ್ಲಾಡಿಸುತ್ತೇನೆ. ಡಬಡಬ ಅನ್ನುತ್ತದೆ. ಇನ್ನೊಂದು ಎತ್ತುತ್ತೇನೆ. ಅದೂ ಡಬಡಬ. "ಪೇಪರ್‌ನೋರಿಗೆ ಎಲ್ಲಾ ಡಬಡಬಾನೇ ಕೇಳಿಸೋದು," ಅಂತ ನಾದಿನಿ ನಗುತ್ತಾರೆ. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ದುಡಿದ ನನಗೆ ಆ ಮಾತು ಸ್ವಲ್ಪ ಚುಚ್ಚುತ್ತದೆ, ಆದರೆ ತಳ್ಳಿಹಾಕುವಂತೆಯೂ ಇಲ್ಲ.

ಉಗ್ರಾಣದಲ್ಲಿ ಸಾಹೇಬರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಇವರನ್ನು ಕರೆಯುವುದು ಡಬ್ಬಕ್ಕ ಅಂತ. ಯುದ್ಧ ಶುರುವಾದಾಗಿನಿಂದ ಸಮುದ್ರದಾಚೆಯ ಮಿತ್ರದೇಶ ನಮ್ಮ ಸೈನ್ಯಕ್ಕೆ ಹಡಗುಗಟ್ಟಲೆ ಸಾಮಾನು ಕಳಿಸುತ್ತಿದೆ. ಬೂಟು, ಕಂಬಳಿ, ಲಾರಿ, ಫಿರಂಗಿ, ಜೊತೆಗೆ ಡಬ್ಬಿ. ಬೂಟನ್ನು ನೋಡಿದರೆ ಬೂಟು ಅಂತ ಗೊತ್ತಾಗುತ್ತದೆ. ಲಾರಿಯನ್ನು ಗುರುತಿಸುವುದಕ್ಕೂ ಅಂಥ ಕಷ್ಟವಿಲ್ಲ. ತಕರಾರೆಲ್ಲ ಡಬ್ಬಿಯದು. ಎರಡು ದೇಶದ ಮಂತ್ರಿಗಳು ಕೈಕುಲುಕುವ ಫೋಟೊ ನಮ್ಮ ಪತ್ರಿಕೆಯ ಮುಖಪುಟದಲ್ಲೇ ಬಂದಿತ್ತು. ಕೈಕುಲುಕಿದ ಮೇಲೆ ಏನಾಯಿತು ಅಂತ ತಿಳಿಯಬೇಕಾದರೆ ಈ ಶೆಡ್ಡಿಗೆ ಬರಬೇಕು.

ಮಿತ್ರದೇಶದವರು ಶಿಸ್ತಿನ ಜನ. ಅವರ ಕಾರ್ಖಾನೆಯಲ್ಲಿ ಆರು ಬಗೆಯ ಸಾಮಾನು ಒಂದೇ ಗಾತ್ರದ, ಒಂದೇ ತೂಕದ, ಒಂದೇ ಬೂದು ಬಣ್ಣದ ಡಬ್ಬಿಗೆ ಹೋಗುತ್ತದೆ. ಬಟಾಣಿ, ಕೆಂಪು ಕಾಳು, ಮಾಂಸ, ಪೀಚ್ ಹಣ್ಣು, ಗಟ್ಟಿ ಹಾಲು, ಕೊನೆಯದಾಗಿ ಫಿರಂಗಿಗೆ ಹಚ್ಚುವ ಗ್ರೀಸ್. ಇದು ಇಂಥದ್ದು ಅಂತ ಹೇಳುವುದು ಮೈಗೆ ಅಂಟಿಸಿದ ಕಾಗದದ ಚೀಟಿ ಮಾತ್ರ. ಆ ಚೀಟಿಯ ಅಂಟನ್ನು ಕಲಸಿದ್ದು ಒಣ ಚಳಿಯ ನಾಡಿನಲ್ಲಿ. ಹಡಗಿನ ಹೊಟ್ಟೆಯ ತೇವದಲ್ಲಿ ವಾರಗಟ್ಟಲೆ ಕಳೆದು ನಮ್ಮ ಬಂದರಿಗೆ ಬರುವಷ್ಟರಲ್ಲಿ ಅಂಟು ಕರಗಿ, ಚೀಟಿಗಳೆಲ್ಲ ಉದುರಿ ಪೆಟ್ಟಿಗೆಯ ತಳ ಸೇರಿದ್ದವು. ಡಬ್ಬಿಯೂ ಬಂದಿದೆ, ಚೀಟಿಯೂ ಬಂದಿದೆ. ಯಾವ ಚೀಟಿ ಯಾವ ಡಬ್ಬಿಯದು ಅನ್ನುವುದು ಮಾತ್ರ ದೇವರಿಗೇ ಗೊತ್ತು.

ತೆರೆದು ನೋಡಬಹುದಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು. ಉಗ್ರಾಣದ ಸಾಹೇಬರು ಅದಕ್ಕೆ ಉತ್ತರ ಹೇಳಿ ಹೇಳಿ ಸುಸ್ತಾಗಿದ್ದಾರೆ. "ತೆರೆದ್ರೆ ಅವತ್ತೇ ತಿಂದು ಮುಗಿಸ್ಬೇಕು ಸ್ವಾಮಿ. ಗಡಿಗೆ ಲಾರಿಯಲ್ಲಿ ಐದು ದಿನ, ಆಮೇಲೆ ಹೇಸರಗತ್ತೆ ಮೇಲೆ ನಾಲ್ಕು ದಿನ. ತೆರೆದ ಮಾಂಸ ಒಂಬತ್ತನೇ ದಿನ ತಾನೇ ಎದ್ದು ನಡ್ಕೊಂಡು ಹೋಗುತ್ತೆ." ಮಿತ್ರದೇಶಕ್ಕೆ ದೂರು ಬರೆದರು. ಆರು ಪುಟದ ಉತ್ತರ ಬಂತು. ನಮ್ಮ ಚೀಟಿಗಳು ಇದುವರೆಗೆ ಎಂದೂ ಉದುರಿಲ್ಲ, ಆದರೂ ಮಿತ್ರರ ಕಷ್ಟಕ್ಕೆ ಆಗುವುದು ನಮ್ಮ ಕರ್ತವ್ಯ ಅಂತ ಅದರಲ್ಲಿ ಬರೆದಿತ್ತು. ಹಿಂದೆಯೇ ಸಹಾಯವೂ ಬಂತು: ಐವತ್ತು ಸಾವಿರ ಹೊಸ ಚೀಟಿಗಳು.

ಈ ಹಂತದಲ್ಲಿ ಒಬ್ಬ ಶ್ರದ್ಧಾವಂತ ಗುಮಾಸ್ತರ ಪ್ರವೇಶವಾಗುತ್ತದೆ. ಚೀಟಿಯಿಲ್ಲದ ಡಬ್ಬಿ ಉಗ್ರಾಣದಿಂದ ಹೊರಗೆ ಹೋಗಕೂಡದು ಅನ್ನುವುದು ನಿಯಮ. ಡಬ್ಬಿ ಎಷ್ಟಿವೆಯೋ ಚೀಟಿಯೂ ಅಷ್ಟೇ ಇವೆ. ಹಾಗಿದ್ದ ಮೇಲೆ ತಡವೇಕೆ ಅಂತ ಅವರು ಗೋಂದಿನ ಬಕೆಟ್ ತರಿಸಿ, ಮೂರೇ ದಿನದಲ್ಲಿ ಹನ್ನೆರಡು ಸಾವಿರ ಡಬ್ಬಿಗೆ ಒಂದೊಂದು ಚೀಟಿ ಅಂಟಿಸಿಬಿಟ್ಟರು. ಒಂದು ಚೀಟಿಯೂ ಓರೆಯಾಗಿರಲಿಲ್ಲ, ಸುಕ್ಕೂ ಬಿದ್ದಿರಲಿಲ್ಲ. ಮೇಲಿನವರು ಬಂದು ಬೆನ್ನು ತಟ್ಟಿದರು. ಒಳಗಿರುವುದಕ್ಕೂ ಹೊರಗೆ ಬರೆದಿರುವುದಕ್ಕೂ ಏನಾದರೂ ಸಂಬಂಧ ಇರಬೇಕು ಅನ್ನುವ ಯೋಚನೆ ಅವರಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಮೂರು ದಿನದಲ್ಲಿ ಮುಗಿಯುತ್ತಿರಲಿಲ್ಲ ಬಿಡಿ.

ಆ ಡಬ್ಬಿಗಳು ಗಡಿಯ ಗುಡ್ಡದ ಮೇಲಿನ ಠಾಣೆಗೆ ಹೋದವು. ಅಲ್ಲಿ ಸೈನಿಕರಿಗೆ ಅಡುಗೆ ಮಾಡುವವನು ಡಬ್ಬಕ್ಕನ ಸ್ವಂತ ತಮ್ಮ. ಕಮಾಂಡರ್ ಸಾಹೇಬರ ಹುಟ್ಟುಹಬ್ಬಕ್ಕೆ ಅಂತ ಎತ್ತಿಟ್ಟಿದ್ದ ಪೀಚ್ ಹಣ್ಣಿನ ಡಬ್ಬಿಯನ್ನು ಎಲ್ಲರ ಎದುರಿಗೆ ತೆರೆದರೆ ಒಳಗೆ ಗ್ರೀಸ್. ಅದೇ ಹೊತ್ತಿಗೆ ಅತ್ತ ಫಿರಂಗಿಯವರು ಮಂಜಿನ ಕತ್ತಲಲ್ಲಿ ಗ್ರೀಸ್ ಅಂತ ಬರೆದ ಡಬ್ಬಿ ತೆರೆದು ಫಿರಂಗಿಗೆ ಮೈತುಂಬ ಗಟ್ಟಿ ಹಾಲು ಬಳಿದಿದ್ದರು. ಬಿಸಿಲು ಬಿದ್ದ ಮೇಲೆ ಇಡೀ ಫಿರಂಗಿಗೆ ಇರುವೆ ಮುತ್ತಿತು. ಬಳಿಯುವಾಗ ಬೆರಳು ನೆಕ್ಕಿದ ಒಬ್ಬನಿಗೆ ಮೊದಲೇ ವಿಷಯ ಗೊತ್ತಾಗಿತ್ತಂತೆ. ಆದರೆ ಡಬ್ಬಿ ಖಾಲಿಯಾಗುವ ತನಕ ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಅವತ್ತು ಶತ್ರು ಈ ಕಡೆ ತಲೆ ಹಾಕಲಿಲ್ಲ ಅನ್ನುವುದೇ ಪುಣ್ಯ.

ಡಬ್ಬಕ್ಕ ಆಗ ಇದೇ ಉಗ್ರಾಣದಲ್ಲಿ ಕಸ ಗುಡಿಸುತ್ತಿದ್ದರು. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಒಂದು ಮೊಟ್ಟೆ ಮಂಡಿಯಲ್ಲಿ ಕೆಲಸ. ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೆಟ್ಟದ್ದನ್ನು ಪಕ್ಕಕ್ಕೆ ಹಾಕುವುದು. ಯುದ್ಧ ಬಂದು ಮಂಡಿ ಮುಚ್ಚಿತು. ಗ್ರೀಸಿನ ಸುದ್ದಿ ಬಂದ ದಿನ ಸಾಹೇಬರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಇವರು ಪೊರಕೆ ಗೋಡೆಗೆ ಒರಗಿಸಿ, ಪೀಚ್ ಹಣ್ಣು ಅಂತ ಚೀಟಿಯಿದ್ದ ಡಬ್ಬಿಯೊಂದನ್ನು ಅಲ್ಲಾಡಿಸಿ, "ಇದು ಹಣ್ಣಲ್ಲ ಸಾಹೇಬ್ರೇ, ಮಾಂಸ," ಅಂದರು. ಸಾಹೇಬರು ರೇಗಿ ತೆರೆದು ನೋಡಿದರೆ ಮಾಂಸವೇ. ಎರಡನೆಯದು ತೆರೆದರು. ಏಳನೆಯದಕ್ಕೆ ಪೊರಕೆಯನ್ನು ಬೇರೆಯವರಿಗೆ ಕೊಡಿಸಿದರು.

"ಇದರಲ್ಲಿ ಏನ್ ಬಂತು ವಿದ್ಯೆ," ಅಂತ ಡಬ್ಬಕ್ಕ ಕೈ ಒದರುತ್ತಾರೆ. "ಮೊಟ್ಟೆ ಒಡೆದು ಹೋಗುತ್ತಲ್ಲಾ ಅನ್ನೋ ಭಯ ಇರ್ತಿತ್ತು. ಇದು ಡಬ್ಬಿ. ನೆಲಕ್ಕೆ ಬಿದ್ರೂ ಬೈಯಲ್ಲ. ಬಟಾಣಿ ಓಡಾಡುತ್ತೆ, ಕಾಳು ಸ್ವಲ್ಪ ಸೋಮಾರಿ, ಹಣ್ಣು ಜಾರುತ್ತೆ, ಮಾಂಸ ಒಂದ್ಸಲ ಮಗ್ಗಲು ಬದಲಾಯಿಸಿ ಮಲಗುತ್ತೆ. ಅವರವರ ಬುದ್ಧಿ ಅವರವರು ತೋರಿಸ್ತಾರೆ. ಕಷ್ಟ ಅಂದ್ರೆ ಇವೆರಡು ಮೂಗರದ್ದು."

ಮೂಗರು ಅಂದರೆ ಗಟ್ಟಿ ಹಾಲು ಮತ್ತು ಗ್ರೀಸ್. ಎಷ್ಟು ಅಲ್ಲಾಡಿಸಿದರೂ ಎರಡೂ ಬಾಯಿ ಬಿಡುವುದಿಲ್ಲ. ಅದಕ್ಕೆ ಇವರದೇ ಒಂದು ದಾರಿಯಿದೆ. ಡಬ್ಬಿಯನ್ನು ಅಂಗೈಯಲ್ಲಿ ಅಡ್ಡ ಮಲಗಿಸಿ, ಒಂದು ಕಡೆ ಓರೆ ಮಾಡಿ, ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಾರೆ. ಹಾಲಾದರೆ ನಿಧಾನಕ್ಕೆ ಹರಿದು ಆ ಕಡೆ ಭಾರವಾಗುತ್ತದೆ. ಗ್ರೀಸ್ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಆದರೆ ಬೆಳಗಿನ ಚಳಿಗೆ ಹಾಲೂ ಹೆಪ್ಪುಗಟ್ಟಿ ಗ್ರೀಸಿನ ಹಾಗೇ ಹಟ ಹಿಡಿಯುತ್ತದೆ. ಅದಕ್ಕೇ ಮೂಗರನ್ನೆಲ್ಲ ಪಕ್ಕಕ್ಕೆ ಜೋಡಿಸಿಟ್ಟು, ಹತ್ತು ಗಂಟೆಯಾಗಿ ತಗಡು ಕಾದ ಮೇಲೆ ಮಾತ್ರ ಕೈಗೆ ತೆಗೆದುಕೊಳ್ಳುತ್ತಾರೆ. ಹಾಲಿಗೆ ಬಿಳಿ ಬಣ್ಣ, ಗ್ರೀಸಿಗೆ ಕಪ್ಪು.

ದಿನಕ್ಕೆ ಸಾವಿರದ ನೂರು ಡಬ್ಬಿ. ಒಂದಕ್ಕೆ ಹದಿನೈದು ಸೆಕೆಂಡು. ನಾನೂರಕ್ಕೆ ಒಂದು ಡಬ್ಬಿಯ ಬಗ್ಗೆ ಡಬ್ಬಕ್ಕ ತಲೆ ಅಡ್ಡ ಆಡಿಸಿ "ಗೊತ್ತಾಗ್ತಿಲ್ಲ" ಅನ್ನುತ್ತಾರೆ. ಹಾಗೆ ಅನ್ನುವುದಕ್ಕೆ ಅವರಿಗೆ ಯಾವ ನಾಚಿಕೆಯೂ ಇಲ್ಲ. ಗೊತ್ತಾಗದ ಡಬ್ಬಿಗಳು ಮಧ್ಯಾಹ್ನ ಇವರಿಬ್ಬರ ಮತ್ತು ಸಾಹೇಬರ ಊಟ. ತೆರೆದ ಮೇಲೆ ಬಂದದ್ದನ್ನು ಉಣ್ಣುವುದು. ಕಳೆದ ಸೋಮವಾರ ಮೂರೂ ಡಬ್ಬಿ ಹಣ್ಣಾಗಿ ಮದುವೆಮನೆಯಂಥ ಸಂಭ್ರಮ. ಮಂಗಳವಾರ ಮೂರೂ ಗ್ರೀಸ್. "ಅವತ್ತು ಬಾಗಿಲ ಕೀಲಿಗೆಲ್ಲಾ ಹಚ್ಚಿ ನೀರು ಕುಡಿದು ಕೂತ್ವಿ," ಅನ್ನುತ್ತಾರೆ ನಾದಿನಿ.

ಮನೆ ಉಗ್ರಾಣದಿಂದ ಹತ್ತು ನಿಮಿಷದ ದಾರಿ. ಒಂದು ಕೋಣೆ, ಒಂದು ಅಡುಗೆಮೂಲೆ, ಬಸ್ ನಿಲ್ದಾಣದ ಕಡೆಗೆ ಒಂದು ಕಿಟಕಿ. ಯಜಮಾನರು ನಿವೃತ್ತ ಬಸ್ ಕಂಡಕ್ಟರು. ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು ಇನ್ನೂ ಕೆಳಗಿಳಿದಿಲ್ಲ. "ಡಬ್ಬಿ ಒಳಗಿರೋ ಬಟಾಣಿ ಇವಳಿಗೆ ಕೇಳುತ್ತಂತೆ! ಬಾಗಿಲಲ್ಲಿ ನಿಂತು ಕೂಗೋ ಗಂಡ ಕೇಳಲ್ವಂತೆ!" ಅಂತ ಅವರು ನನ್ನ ಹತ್ತಿರ ದೂರು ಹೇಳುವಾಗ ಕಿಟಕಿಯ ಗಾಜು ನಡುಗುತ್ತದೆ. "ಬಟಾಣಿ ಹೇಳಿದ್ದನ್ನೇ ಹತ್ತು ಸಲ ಹೇಳಲ್ಲ," ಅನ್ನುತ್ತಾರೆ ಡಬ್ಬಕ್ಕ, ತಲೆ ಎತ್ತದೆ. ಆದರೆ ದಿನಾ ಬೆಳಿಗ್ಗೆ ಹೆಂಡತಿಯ ಬಲಗಿವಿಗೆ ಹತ್ತಿ ಇಟ್ಟು ಉಗ್ರಾಣದ ಬಾಗಿಲ ತನಕ ಕರೆತಂದು ಬಿಡುವುದು ಇವರೇ. ದಾರಿಯುದ್ದಕ್ಕೂ ಹೆಂಡತಿಯ ಎಡಗಡೆಯೇ ನಡೆಯುತ್ತಾರೆ. "ಆ ಕಿವಿ ಈಗ ನಮ್ಮ ಮನೇದಲ್ಲ, ಸೈನ್ಯದ್ದು," ಅಂತ ನನಗೊಬ್ಬನಿಗೇ ಹೇಳುತ್ತಾರೆ. ಅವರ ಪಾಲಿಗೆ ಅದು ಪಿಸುಮಾತು.

ಇಷ್ಟೆಲ್ಲ ನಗುವಿನ ನಡುವೆ ಶೆಡ್ಡಿನ ಹಿಂದೆ ಒಂದು ಗುಂಡಿ ತೋಡಿಟ್ಟಿದ್ದಾರೆ. ಅದನ್ನು ನೋಡಿ ನನಗೆ ನಗು ಬರಲಿಲ್ಲ. ಇರುವೆಯ ಪ್ರಕರಣವಾದ ಮೇಲೆ ಗಡಿಯವರು, ಗ್ಯಾರಂಟಿ ಇಲ್ಲದ ಒಂದು ಡಬ್ಬಿಯನ್ನೂ ಮೇಲಕ್ಕೆ ಕಳಿಸಬೇಡಿ ಅಂತ ಪಟ್ಟು ಹಿಡಿದರು. ಏಳು ವಾರದಲ್ಲಿ ಡಬ್ಬಕ್ಕ ಅಲ್ಲಾಡಿಸಿ ಬಣ್ಣ ಹಚ್ಚಿಸಿದ ನಲವತ್ತಾರು ಸಾವಿರ ಡಬ್ಬಿ ಶೆಡ್ಡಿನಲ್ಲೇ ಕೂತಿವೆ. ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳ ಕಿವಿಯನ್ನು ನಂಬುವುದು ಹೇಗೆ ಅಂತ ಒಂದು ಸಮಿತಿ ಆಯಿತು. ಶುಕ್ರವಾರ ಪರೀಕ್ಷೆ. ಐವತ್ತು ಡಬ್ಬಿ ಮುಂದಿಡುತ್ತಾರೆ, ಐವತ್ತಕ್ಕೆ ಐವತ್ತೂ ಸರಿಯಾಗಬೇಕು. ಒಂದು ತಪ್ಪಿದರೂ ಎಲ್ಲವನ್ನೂ ಗುಂಡಿಗೆ ಸುರಿದು ಮಣ್ಣು ಮುಚ್ಚುತ್ತಾರೆ. "ಗೊತ್ತಾಗ್ತಿಲ್ಲ" ಅಂದರೆ ಅದೂ ತಪ್ಪೇ.

ಡಬ್ಬಕ್ಕ ಶಾಲಿನ ತುದಿಯ ಗಂಟು ಬಿಚ್ಚಿ ಒಂದು ಕಾಗದ ಕೊಡುತ್ತಾರೆ. ತಮ್ಮನದು. "ಅಕ್ಕಾ, ಆರು ವಾರದಿಂದ ಬಿಸ್ಕತ್ತು ನೀರಲ್ಲಿ ಕುದಿಸಿ ಉಪ್ಪು ಹಾಕಿ ಗಂಜಿ ಅಂತ ಬಡಿಸ್ತಿದೀನಿ. ಮೊದಮೊದಲು ಹುಡುಗರು ಬಾಯಿಗೆ ಬಂದ ಹಾಗೆ ಬೈತಿದ್ರು. ಈಗ ಬೈಯೋದೂ ಬಿಟ್ಟಿದಾರೆ. ತಟ್ಟೆ ಇಸ್ಕೊಂಡು ಸುಮ್ಮನೆ ಹೋಗ್ತಾರೆ. ಬೈತಿದ್ರೇ ಚೆನ್ನಾಗಿತ್ತು." ಓದಿ ವಾಪಸ್ ಕೊಡುತ್ತೇನೆ. ಡಬ್ಬಕ್ಕ ಕಾಗದ ಮಡಿಸಿ ಮತ್ತೆ ಗಂಟು ಹಾಕುತ್ತಾರೆ. "ನನ್ನ ಕಿವಿ ನಂಬದಿದ್ರೆ ಬಿಡ್ಲಿ. ಆ ಮಕ್ಕಳ ಅನ್ನ ಹೂಳ್ಬೇಡಿ ಅನ್ನಿ," ಅನ್ನುತ್ತಾರೆ.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೇ ಸಮಿತಿ ಹಾಜರ್. ಒಬ್ಬರು ನಮ್ಮ ಸೈನ್ಯದ ಡಾಕ್ಟರು. ಇನ್ನೊಬ್ಬರು ಮಿತ್ರದೇಶದ ಕ್ಯಾಪ್ಟನ್. ಆರಡಿ ಮೂರಿಂಚು ಎತ್ತರ, ಚಳಿಗೆ ಕೆಂಪಾದ ಮೂಗು. ನಮ್ಮ ಭಾಷೆಯನ್ನು ಅವರು ವ್ಯಾಕರಣದ ಪುಸ್ತಕದಿಂದ ಕಲಿತಿದ್ದಾರೆ. ಮೂರನೆಯವರು ಉಗ್ರಾಣದ ಸಾಹೇಬರೇ. ಅವರ ಕೈಯಲ್ಲಿ ಡಬ್ಬಿ ತೆರೆಯುವ ಕತ್ತಿ. ಕ್ಯಾಪ್ಟನ್ ತಾವೇ ಆರಿಸಿ ತಂದ ಐವತ್ತು ಡಬ್ಬಿಗಳ ನೆತ್ತಿಯ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮೇಜಿನ ಮೇಲೆ ಸಾಲಾಗಿ ಇಡಲಾಗಿದೆ. ಅವರ ಮುಂದಿನ ಹಾಳೆಯಲ್ಲಿ ಎರಡೇ ಕಾಲಂ: ಸರಿ, ತಪ್ಪು. "ಮಾನ್ಯ ಮಹಿಳೆಯೇ, ಆರಂಭಿಸುವಂಥವರಾಗಿ," ಅನ್ನುತ್ತಾರೆ ಕ್ಯಾಪ್ಟನ್. ಡಬ್ಬಕ್ಕ ನಾದಿನಿಯ ಮುಖ ನೋಡುತ್ತಾರೆ. "ಶುರು ಮಾಡಿ ಅಂತಿದಾರೆ ಅತ್ತಿಗೆ," ಅಂತ ನಾದಿನಿ ಅನುವಾದಿಸುತ್ತಾರೆ.

ಡಬ್ಬಕ್ಕ ಕಿವಿಯ ಹತ್ತಿ ತೆಗೆಯುತ್ತಾರೆ. ಮೊದಲ ಡಬ್ಬಿ ಬಟಾಣಿ. ಸಾಹೇಬರು ತೆರೆಯುತ್ತಾರೆ, ಬಟಾಣಿಯೇ. ಎರಡನೆಯದು ಮಾಂಸ, ಮೂರನೆಯದು ಮಾಂಸ, ನಾಲ್ಕನೆಯದು ಹಣ್ಣು. ಇಪ್ಪತ್ತರ ಹೊತ್ತಿಗೆ ಡಾಕ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿದ್ದಾರೆ. ಮೂವತ್ತರ ಹೊತ್ತಿಗೆ ಕ್ಯಾಪ್ಟನ್ ತಾವೂ ಒಂದು ಡಬ್ಬಿಯನ್ನು ಕದ್ದುಮುಚ್ಚಿ ಅಲ್ಲಾಡಿಸಿ ನೋಡುತ್ತಾರೆ. ಮುಖ ನೋಡಿದರೆ ಅವರಿಗೂ ಡಬಡಬವೇ ಕೇಳಿಸಿದೆ ಅಂತ ನನಗೆ ಸಮಾಧಾನವಾಗುತ್ತದೆ. ನಲವತ್ತು ಡಬ್ಬಿ, ನಲವತ್ತೂ ಸರಿ. ಹತ್ತು ಡಬ್ಬಿಯನ್ನು ಡಬ್ಬಕ್ಕ ಆಗಲೇ ಪಕ್ಕಕ್ಕೆ ಸರಿಸಿದ್ದಾರೆ.

"ಇದರಲ್ಲಿ ಒಂಬತ್ತು ಮೂಗರು. ಈ ಚಳೀಲಿ ಆಗಲ್ಲ. ಹತ್ತು ಗಂಟೆ ಮೇಲೆ ಹೇಳ್ತೀನಿ."

"ಸಮಿತಿಯು ಎಂಟೂವರೆ ಗಂಟೆಗೆ ನಿರ್ಗಮಿಸತಕ್ಕದ್ದು," ಅನ್ನುತ್ತಾರೆ ಕ್ಯಾಪ್ಟನ್.

ಒಲೆ ಹಚ್ಚೋಣವೆಂದರೆ ಗ್ರೀಸ್ ಇರುವ ಶೆಡ್ಡಿನಲ್ಲಿ ಬೆಂಕಿ ನಿಷೇಧ. ಹೊರಗೆ ಮಂಜು ಕರಗಿಲ್ಲ. ನಾದಿನಿಯ ಮುಖ ಸಣ್ಣದಾಗುತ್ತದೆ. ಡಬ್ಬಕ್ಕ ಒಂದು ಕ್ಷಣ ಡಬ್ಬಿಗಳನ್ನು ನೋಡುತ್ತಾರೆ, ಆಮೇಲೆ ಮೂರನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಶಾಲು ಮುಚ್ಚುತ್ತಾರೆ. ಎರಡನ್ನು ನಾದಿನಿಗೆ ಕೊಡುತ್ತಾರೆ. "ಸಾಹೇಬ್ರೇ, ನೀವು ಕಂಕುಳಲ್ಲಿ ಎರಡು ಇಟ್ಕೊಳ್ಳಿ. ಡಾಕ್ಟರ್ ಸಾಹೇಬ್ರೇ, ನೀವೊಂದು." ಯಾರಿಗೂ ಇಲ್ಲ ಅನ್ನುವ ಧೈರ್ಯ ಬರುವುದಿಲ್ಲ. ಒಂಬತ್ತನೆಯ ಡಬ್ಬಿಯನ್ನು ಡಬ್ಬಕ್ಕ ಕ್ಯಾಪ್ಟನ್ನರ ಮುಂದೆ ಚಾಚುತ್ತಾರೆ.

"ಇದು ವಿಧಿವತ್ತಾದ ಪ್ರಕ್ರಿಯೆಯೇ?" ಅಂತ ಕ್ಯಾಪ್ಟನ್ ಕೇಳುತ್ತಾರೆ.

"ಕೋಳಿಗೆ ಇಪ್ಪತ್ತೊಂದು ದಿನ ಬೇಕು. ನಿನಗೆ ಮುಕ್ಕಾಲು ಗಂಟೆ ಸಾಕು. ಕೋಟಿನ ಒಳಗಿಟ್ಕೊಂಡು ಸುಮ್ನೆ ಕೂತ್ಕೊಳ್ಳಪ್ಪಾ."

ಹಾಗೆ ಎರಡು ಮಿತ್ರರಾಷ್ಟ್ರಗಳು ಅಕ್ಕಪಕ್ಕ ಕೂತು ಕಾವು ಕೊಡುವುದನ್ನು ನಾನು ಕಣ್ಣಾರೆ ಕಂಡೆ. ಮುಕ್ಕಾಲು ಗಂಟೆ ಯಾರೂ ಅಲ್ಲಾಡಲಿಲ್ಲ. ಕೈ ಎತ್ತಿದರೆ ಡಬ್ಬಿ ಬೀಳುತ್ತದೆ ಅಂತ ಸಾಹೇಬರು ಮೂಗು ತುರಿಸಿದರೂ ತುರಿಸಿಕೊಳ್ಳಲಿಲ್ಲ. ಮಧ್ಯದಲ್ಲಿ ಬಂದ ಕಾವಲುಗಾರ ಸಲ್ಯೂಟ್ ಹೊಡೆದ. ಮೂವರು ಅಧಿಕಾರಿಗಳಲ್ಲಿ ಒಬ್ಬರೂ ತಿರುಗಿ ಹೊಡೆಯಲಾಗದೆ ಬರೀ ತಲೆ ಆಡಿಸಿದ್ದು ನೋಡಿ, ಅವನು ಕಕ್ಕಾಬಿಕ್ಕಿಯಾಗಿ ಹೊರಗೆ ಹೋದ.

ಎಂಟು ಗಂಟೆ ದಾಟಿದ ಮೇಲೆ ಡಬ್ಬಕ್ಕ ಒಂದೊಂದನ್ನೇ ವಾಪಸ್ ಪಡೆದು ಅಂಗೈಯಲ್ಲಿ ಮಲಗಿಸಿ, ಓರೆ ಮಾಡಿ, ಕಣ್ಣು ಮುಚ್ಚಿ ಎಣಿಸುತ್ತಾರೆ. "ಹಾಲು. ಹಾಲು. ಗ್ರೀಸ್." ಕ್ಯಾಪ್ಟನ್ನರ ಎದೆಯ ಬಿಸಿಯಲ್ಲಿ ಕೂತಿದ್ದದ್ದು ಗ್ರೀಸ್ ಅಂತ ಗೊತ್ತಾದಾಗ ಅವರ ಮುಖ ಬಾಡಿದ್ದು ನಿಜ. ಆರು ಹಾಲು, ಮೂರು ಗ್ರೀಸ್. ಒಂಬತ್ತೂ ಸರಿ. ಅಲ್ಲಿಗೆ ನಲವತ್ತೊಂಬತ್ತು.

ಉಳಿದದ್ದು ಒಂದು. ಡಬ್ಬಕ್ಕ ಅದನ್ನು ಕಿವಿಗೆ ಹಿಡಿದು ಮೂರು ಸಲದ ಜಾಗದಲ್ಲಿ ಹತ್ತು ಸಲ ಅಲ್ಲಾಡಿಸುತ್ತಾರೆ. ಹಣೆ ಸುಕ್ಕಾಗುತ್ತದೆ. ಕೆಳಗಿಡುತ್ತಾರೆ, ಮತ್ತೆ ಎತ್ತುತ್ತಾ‌ರೆ.

"ಕಾಳು. ಆದ್ರೆ ಕಾಳಿನ ಜೊತೆ ಇನ್ನೇನೋ ಇದೆ. ಅವತ್ತು ಮೂರು ಸಲಕ್ಕೆ ಕಾಳು ಅಂತಷ್ಟೇ ಕೇಳಿಸಿತ್ತೇನೋ."

ಕ್ಯಾಪ್ಟನ್ ಎದ್ದು ನಿಲ್ಲುತ್ತಾರೆ. "ನಮ್ಮ ಕಾರ್ಖಾನೆಯಲ್ಲಿ ಪ್ರಮಾದಗಳು ಸಂಭವಿಸುವುದಿಲ್ಲ. ಕಾಳಿನ ಡಬ್ಬಿಯೊಳಗೆ ಕಾಳೇ ಇರತಕ್ಕದ್ದು." ಸಾಹೇಬರು ಬೆವರು ಒರೆಸಿಕೊಂಡು ಬಗ್ಗುತ್ತಾರೆ. "ಡಬ್ಬಕ್ಕಾ, ಕಾಳು ಅಂತ ಅಷ್ಟೇ ಹೇಳಿ ಮುಗಿಸಿ. ಬೇರೆ ಏನೋ ಇದೆ ಅಂದು, ತೆರೆದಾಗ ಬರೀ ಕಾಳು ಬಂದ್ರೆ ತಪ್ಪು ಅಂತ ಬರ್ಕೋತಾರೆ." ನಾದಿನಿ ಸೊಂಟ ಚಿವುಟುತ್ತಾರೆ. "ಅತ್ತಿಗೆ, ನಿಮ್ಮ ತಮ್ಮನ್ನ ನೆನೆಸ್ಕೊಳ್ಳಿ. ಕಾಳು ಅಂದ್ಬಿಡಿ."

ಡಬ್ಬಕ್ಕ ಮತ್ತೊಮ್ಮೆ ಅಲ್ಲಾಡಿಸುತ್ತಾರೆ. ಡಬ್ಬಿಯೊಳಗೆ ಕಾಳು ಸಣ್ಣಗೆ ಸದ್ದು ಮಾಡುವುದು ನನಗೂ ಕೇಳಿಸುತ್ತದೆ. ಕಿಟಕಿಯಿಂದಾಚೆಗೆ ಗುಂಡಿ ಕಾಣುತ್ತಿದೆ, ಅದರ ಪಕ್ಕ ಸಲಿಕೆ ಹಿಡಿದ ನಾಲ್ಕು ಜನ. ಅಂದುಬಿಡಲಿ ಅಂತ ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ, ಸುಳ್ಳು ಹೇಳುವುದಿಲ್ಲ.

"ನೆನೆಸ್ಕೊಂಡೇ ಹೇಳ್ತಿರೋದು ಕಣೇ," ಅನ್ನುತ್ತಾರೆ ಡಬ್ಬಕ್ಕ ನಾದಿನಿಗೆ. "ಇದನ್ನ ತಿನ್ನೋರು ಅವರು. ಕೇಳಿಸಿದ್ದನ್ನ ಕೇಳಿಸಿಲ್ಲ ಅಂದ್ರೆ ಇಷ್ಟು ದಿನ ಅಲ್ಲಾಡಿಸಿದ್ದು ಯಾಕೆ?" ಆಮೇಲೆ ಕ್ಯಾಪ್ಟನ್ನರ ಕಡೆ ತಿರುಗಿ, "ಬರ್ಕೊಳ್ಳಪ್ಪಾ. ಕಾಳು, ಜೊತೆಗೊಂದು ಸಣ್ಣ ಲೋಹದ ತುಂಡು. ತೆಳ್ಳಗೆ, ಬೆರಳಿಗಿಂತ ಚಿಕ್ಕದು."

ಸಾಹೇಬರು ತೆರೆಯುತ್ತಾರೆ. ಕತ್ತಿ ಎರಡು ಸಲ ಜಾರುತ್ತದೆ. ಕೆಂಪು ಕಾಳನ್ನು ತಟ್ಟೆಗೆ ಸುರಿಯುತ್ತಾರೆ. ಕಾಳು ಬೀಳುತ್ತದೆ, ಬೀಳುತ್ತಲೇ ಇದೆ. ಕೊನೆಗೆ ಠಣ್ ಅಂತ ತಟ್ಟೆಗೆ ಬಿದ್ದದ್ದು ಒಂದು ಕೀಲಿಕೈ. ಹಿತ್ತಾಳೆಯದು, ಮನೆಬಾಗಿಲಿನದು. ತುದಿಯಲ್ಲಿ ನೀಲಿ ದಾರದ ಎಳೆ ಇನ್ನೂ ಹಾಗೇ ಇದೆ.

ಡಾಕ್ಟರು ಮೊದಲು ನಕ್ಕರು. ಆಮೇಲೆ ಸಾಹೇಬರು, ಆಮೇಲೆ ನಾದಿನಿ. ಕ್ಯಾಪ್ಟನ್ನರು ಮಾತ್ರ ಕಿವಿಯ ತನಕ ಕೆಂಪಾಗಿ ತಮ್ಮ ಹಾಳೆಯನ್ನು ನೋಡುತ್ತ ನಿಂತಿದ್ದರು. ಸರಿ ಮತ್ತು ತಪ್ಪು ಬಿಟ್ಟರೆ ಕೀಲಿಕೈಗೆ ಕಾಲಂ ಇರಲಿಲ್ಲ. ಕೊನೆಗೆ "ಸರಿ" ಅನ್ನುವುದರ ಕೆಳಗೆ ಐವತ್ತನೆಯ ಗುರುತು ಹಾಕಿ, ಡಬ್ಬಕ್ಕನ ಎದುರಿಗೆ ನಿಂತು, ಮೊಣಕೈ ಬಿಗಿದು ಸಲ್ಯೂಟ್ ಹೊಡೆದರು. ಕಾವಲುಗಾರನ ಬಾಕಿಯೂ ಅದರಲ್ಲಿ ಸೇರಿದಂತಿತ್ತು. ಹೊರಗೆ ಸಲಿಕೆಯವರಿಗೆ ಗುಂಡಿ ಮುಚ್ಚಲು ಹೇಳಿದರು, ಬರೀ ಮಣ್ಣಿನಿಂದ.

ಶನಿವಾರ ಬೆಳಗಾಗುವಾಗ ಹನ್ನೊಂದು ಲಾರಿಗಳು ಹೊರಟವು. ಗಡಿಗೆ ಒಂಬತ್ತು ದಿನ. ಡಬ್ಬಿಗಳ ನೆತ್ತಿಯ ಬಣ್ಣ ಯಾವುದು ಏನು ಅಂತ ಡಬ್ಬಕ್ಕ ತಮ್ಮನಿಗೆ ಪ್ರತ್ಯೇಕ ಕಾಗದ ಬರೆಸಿ ಕಳಿಸಿದ್ದಾರೆ. ಅದರ ಕೊನೆಯ ಸಾಲು, "ಕಪ್ಪು ಕಂಡರೆ ಒಲೆ ಹತ್ತಿರ ತರಬೇಡ" ಅಂತ.

ಲಾರಿಗಳು ಹೋದ ಮೇಲೆ ಕ್ಯಾಪ್ಟನ್ ವಿದಾಯ ಹೇಳಲು ಬರುತ್ತಾರೆ. ಡಬ್ಬಕ್ಕ ಕೀಲಿಕೈಯನ್ನು ತೊಳೆದು, ಒರೆಸಿ, ಕಾಗದದಲ್ಲಿ ಸುತ್ತಿಟ್ಟಿದ್ದಾರೆ. "ಇದನ್ನ ನಿಮ್ಮೂರಿಗೆ ತಲುಪಿಸ್ಬೇಕಲ್ಲಪ್ಪಾ."

ಕ್ಯಾಪ್ಟನ್ ಗಾಬರಿಯಾಗುತ್ತಾರೆ. ಆ ಕಾರ್ಖಾನೆಯಲ್ಲಿ ನಾಲ್ಕು ಸಾವಿರ ಹೆಂಗಸರು ಕೆಲಸ ಮಾಡುತ್ತಾರಂತೆ. ಅದಲ್ಲದೆ ಎರಡು ದೇಶಗಳ ಒಪ್ಪಂದದಲ್ಲಿ ಸಾಮಾನು ಅಲ್ಲಿಂದ ಇಲ್ಲಿಗೆ ಬರುವುದಕ್ಕೆ ನಮೂನೆಗಳಿವೆ, ಇಲ್ಲಿಂದ ಅಲ್ಲಿಗೆ ಹೋಗುವುದಕ್ಕೆ ಒಂದೂ ಇಲ್ಲ. "ಅದಕ್ಕೆ ಅವಕಾಶವೇ ಕಲ್ಪಿಸಲ್ಪಟ್ಟಿಲ್ಲ," ಅನ್ನುತ್ತಾರೆ.

"ಹಡಗು ಬರುವಾಗ ತುಂಬ್ಕೊಂಡು ಬರುತ್ತೆ, ಹೋಗುವಾಗ ಖಾಲಿ ತಾನೇ ಹೋಗೋದು? ಒಂದು ಕೀಲಿಕೈಗೆ ಜಾಗ ಇರಲ್ವಾ?"

ಕ್ಯಾಪ್ಟನ್ ಪೊಟ್ಟಣವನ್ನು ಎದೆಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತಾರೆ. ಈ ಯುದ್ಧದಲ್ಲಿ ನಮ್ಮ ದೇಶ ಮಿತ್ರದೇಶಕ್ಕೆ ಕೊಟ್ಟ ಮೊದಲ ನೆರವು ಇದೇ ಇರಬೇಕು.

ಅವರು ಹೋದ ಮೇಲೆ ನಾನು ಕೇಳುತ್ತೇನೆ: ಕೀಲಿಕೈ ಕಳೆದು ತಿಂಗಳುಗಟ್ಟಲೆ ಆಗಿದೆ. ಆಕೆ ಯಾರೇ ಇರಲಿ, ಇಷ್ಟು ಹೊತ್ತಿಗೆ ಬೀಗ ಬದಲಾಯಿಸಿರುವುದಿಲ್ಲವೇ? ಡಬ್ಬಕ್ಕ ಹೊಸ ಪೆಟ್ಟಿಗೆಯ ಮುಚ್ಚಳ ಮೀಟುತ್ತ ಉತ್ತರ ಕೊಡುತ್ತಾರೆ.

"ಬದಲಾಯಿಸಿರ್ತಾಳೆ ಬಿಡಿ, ಬಾಗಿಲು ಬೇಕಲ್ಲ. ಆದ್ರೆ ಮನೇಲಿ ಎಲ್ರೂ ಅವಳನ್ನ ಬೈದಿರ್ತಾರೆ, ಎಲ್ಲೋ ಇಟ್ಟು ಮರೆತಿದೀಯಾ, ನಿನಗೆ ಜ್ಞಾನ ಇಲ್ಲ ಅಂತ. ಅವಳು ಮರೆತಿಲ್ಲ, ಕೆಲಸ ಮಾಡ್ತಾ ಮಾಡ್ತಾ ಬಿದ್ದುಹೋಗಿದ್ದು ಅಂತ ಒಬ್ರಾದ್ರೂ ಹೋಗಿ ಹೇಳ್ಬೇಕಲ್ವಾ?"